ಅರವತ್ತಮೂರನೆಯ ಮನೆಯ ಸಿಪಾಯಿ

ವೆರ್ನರ್ ತೀರಿಕೊಂಡು ಆರು ತಿಂಗಳಾಗಿದ್ದರೂ ಅವನ ಸಮಾಧಿಯ ಕಲ್ಲು ಇನ್ನೂ ಕೆತ್ತುವವನ ಅಂಗಳದಲ್ಲೇ ಮಲಗಿತ್ತು. "ಅಜ್ಜ ಹುಟ್ಟಿದ ಊರಿನ ಹೆಸರು ನನ್ನ ಹೆಸರಿನ ಕೆಳಗಿರ್ಲಿ, ಥೀರಾ. ಸಿಗದಿದ್ರೆ ಜಾಗ ಖಾಲಿ ಬಿಡು" ಎಂದು ಹೆಂಡತಿಗೆ ಹೇಳಿ ಹೋಗಿದ್ದ. ಮಿನ್ನೆಸೋಟದ ನೆಲ ಹೆಪ್ಪುಗಟ್ಟುವ ಮೊದಲು ಕಲ್ಲು ನಿಲ್ಲಬೇಕು. ಶನಿವಾರ ಮಧ್ಯಾಹ್ನ ಹನ್ನೆರಡರೊಳಗೆ ಊರು ಹೇಳದಿದ್ದರೆ ಖಾಲಿಯೇ ಗತಿ ಎಂದು ಕೆತ್ತುವವನು ಕಡ್ಡಿ ಮುರಿದಂತೆ ಹೇಳಿದ್ದ.

ಇವತ್ತು ಶನಿವಾರ. ಮೈದುನ ಎಲೋಫನ ಅಡುಗೆಮನೆಯ ಮೇಜಿನ ಮೇಲೆ ಥೀರಾ ಸ್ವೀಡನ್ನಿನ ಇಗರ್ಜಿ ಪುಸ್ತಕದ ನಕಲುಗಳನ್ನು ಹರಡಿಕೊಂಡು ಕುಳಿತಿದ್ದಳು. ವೆರ್ನರನ ಅಜ್ಜ ಆಗಸ್ಟ್ ರಾಸ್ಕ್ ಸಿಪಾಯಿಯ ಮಗ, ಹತ್ತೊಂಬತ್ತಕ್ಕೇ ಸ್ವೀಡನ್ ಬಿಟ್ಟು ಹಡಗು ಹತ್ತಿದವನು. ಹುಲ್ತಾ ಎಂಬ ಊರು ತನ್ನ ಸಿಪಾಯಿಗೆಂದು ಇಟ್ಟಿದ್ದ ಅರವತ್ತಮೂರನೆಯ ನಂಬರಿನ ಮನೆಯಲ್ಲಿ ಯೋನಾಸ್ ರಾಸ್ಕ್ ಎಂಬವನೇನೋ ಸಿಕ್ಕಿದ್ದ. ಆದರೆ ಅವನು ಮಕ್ಕಳಿಲ್ಲದೆ ಸತ್ತಿದ್ದ. ದಾರಿ ಮುಚ್ಚಿತೆಂದುಕೊಂಡ ವೆರ್ನರ್ ಆ ಸಾವಿನ ಹಾಳೆಯಿಂದ ಮುಂದೆ ತಿರುವದೆ, ಮೂವತ್ತು ವರ್ಷ ಬೇರೆ ಊರುಗಳ ರಾಸ್ಕರನ್ನು ಹುಡುಕಿದ್ದ.

"ಕಾಫಿ ಆರ್ತಿದೆ ಅತ್ತಿಗೆ. ಸತ್ತೋರು ಎಲ್ಲೂ ಓಡ್ಹೋಗಲ್ಲ."

"ಕಲ್ಲು ಕೆತ್ತೋನು ಓಡ್ಹೋಗ್ತಾನಲ್ಲಪ್ಪ!"

ಅಂಗಳದಲ್ಲಿ ಲಾರಿ ನಿಂತಿತು. "ತೊಲೆಫ್ಸನ್ನೋರೇ, ಎಣ್ಣೆ ಎಲ್ಲಿಳಿಸ್ಲಿ?" ಎಂದು ಚಾಲಕ ಕೂಗಿದ.

ಎಲೋಫನಿಗೆ ಮೈಯೆಲ್ಲ ಉರಿಯಿತು. "ತೊಲೆಫ್ಸನ್ ಸತ್ತು ನಲವತ್ತು ವರ್ಷ ಆಯ್ತು ಕಣಯ್ಯಾ!" ಎಂದು ಕಿಟಕಿಯಿಂದ ಕೂಗಿ, ಅತ್ತಿಗೆಯತ್ತ ತಿರುಗಿದ. "ನೋಡಿದ್ರಾ? ಅವನ ಹೊಲ ಕೊಂಡೋನು ನಾನು. ತಿಪ್ಪರಲಾಗ ಹಾಕಿದ್ರೂ ಈ ಊರಿಗೆ ಇದು ತೊಲೆಫ್ಸನ್ ಮನೆ, ನಾನೂ ತೊಲೆಫ್ಸನ್ನೇ!"

ಥೀರಾಳ ಕೈಯ ಬಟ್ಟಲು ಅರ್ಧದಲ್ಲೇ ನಿಂತಿತು.

"ಎಲೋಫ್, ಆ ಸಿಪಾಯಿ ಮನೆಗೆ ಯೋನಾಸ್ ಆದ್ಮೇಲೆ ಯಾರು ಬಂದ್ರು?"

"ನಂಗೇನ್ ಗೊತ್ತು?"

"ಹೆಸರು ಮನುಷ್ಯಂದಲ್ಲ ಕಣೋ, ಮನೇದು!"

ಅವಳು ಯೋನಾಸನ ಸಾವಿನ ಹಾಳೆ ತಿರುವಿದಳು. ಸಾವಿರದ ಎಂಟುನೂರ ಐವತ್ತೊಂಬತ್ತು. ಅದೇ ಮನೆಗೆ ಹೊಸ ಸಿಪಾಯಿ, ನೀಲ್ಸ್ ಪೆರ್ಸನ್. ದಂಡು ಸೇರಿದ ದಿನವೇ ಅವನೂ ರಾಸ್ಕ್ ಆಗಿದ್ದ. ಜೊತೆಗೆ ಹೆಂಡತಿ, ಒಂಬತ್ತು ವರ್ಷದ ಮಗ ಆಗಸ್ಟ್. ಮಗ ಹುಟ್ಟಿದ ಊರು ಲಿಂಡ್‌ನೇಸ್. ಮನೆಮನೆಗೆ ಹೋಗಿ ಧರ್ಮಪಾಠ ಓದಿಸುತ್ತಿದ್ದ ಪಾದ್ರಿ, ಅಪ್ಪನ ಹೆಸರಿನ ಮುಂದೆ "ತಡವರಿಸುತ್ತಾನೆ" ಎಂದೂ ಮಗನ ಮುಂದೆ "ಚೆನ್ನಾಗಿ ಓದುತ್ತಾನೆ" ಎಂದೂ ಬರೆದಿದ್ದ.

"ಇವನೇ! ಅಯ್ಯೋ ದೇವರೇ, ಇವನೇ ಕಣೋ!"

ಎಲೋಫ್ ಕನ್ನಡಕ ಏರಿಸಿ ನೋಡಿದ, ತೆಗೆದು ಒರೆಸಿದ, ಮತ್ತೆ ನೋಡಿದ. "ಮೂವತ್ತು ವರ್ಷ! ಒಂದು ಹಾಳೆ ತಿರುವಿಲ್ಲ ನಮ್ಮಣ್ಣ! ಕತ್ತೆ!" ಎಂದು ನಗುತ್ತಲೇ ಅಳತೊಡಗಿದ.

ಹನ್ನೆರಡಕ್ಕೆ ಏಳು ನಿಮಿಷವಿತ್ತು. ಥೀರಾ ಫೋನಿಗೆ ಓಡಿದಳು.

"ಬೇಗ ಹೇಳಿ ಅಮ್ಮ, ಊಟಕ್ಕೆ ಹೊರಟಿದ್ದೆ" ಎಂದ ಕೆತ್ತುವವನು.

ಅವಳು ಇಗರ್ಜಿಯ ಕೊನೆಯ ಬೆಂಚಿಗೂ ಕೇಳುವಂತೆ ಒಂದೊಂದೇ ಅಕ್ಷರ ಹೇಳಿದಳು.

"ಮೆಲ್ಲಗೆ ಅತ್ತಿಗೆ, ಕಲ್ಲು ಕಿವುಡಾದೀತು!" ಎಂದ ಎಲೋಫ್.

"ಸುಮ್ನಿರೋ" ಎಂದವಳೇ ಇನ್ನೊಂದು ಸಲ ಮೊದಲಿನಿಂದ ಹೇಳಿದಳು.