ಅಮ್ಮನ ಗಂಟು

“ಇನ್ನೊಂಚೂರು ಒತ್ತಿದ್ರೆ ನೆಟ್ಟಗಾಗುತ್ತೆ,” ಎನ್ನುತ್ತ ಪಕ್ಕದ ಮನೆಯಾಕೆ ತೀರಿಕೊಂಡ ಬೈಂಡಿಂಗಮ್ಮನ ಬೆರಳುಗಳನ್ನು ನೀವುತ್ತಿದ್ದಳು.

“ಬಿಡಿ ಆಂಟಿ. ಬದುಕಿದ್ದಾಗಲೇ ಅವು ಯಾರ ಮಾತೂ ಕೇಳಲಿಲ್ಲ,” ಎಂದಳು ಮಗಳು.

ಗೆಣ್ಣುಗಳು ಊದಿ, ಬೆರಳುಗಳೆಲ್ಲ ಕಿರುಬೆರಳಿನ ಕಡೆಗೆ ವಾಲಿದ್ದವು. ಈ ಕೈಗಳಿಂದಲೇ ಆಕೆ ಮೂವತ್ತು ವರ್ಷ ಊರಿನ ಪುಸ್ತಕಗಳನ್ನೆಲ್ಲ ಹೊಲಿದಿದ್ದಳು. ಅದೇನು ಹುಡುಗಾಟವೆ?

ಗ್ರಂಥಾಲಯದ ಮೇಡಂ ದಪ್ಪನೆಯ ನಿಘಂಟೊಂದನ್ನು ಎದೆಗೊತ್ತಿಕೊಂಡು ಬಂದಿದ್ದರು. “ಇದನ್ನ ಹೊಲಿದುಕೊಟ್ಟು ಇಪ್ಪತ್ತೆರಡು ವರ್ಷ ಆಯ್ತು. ಎಷ್ಟು ಜನ ಎಳೆದಾಡಿದ್ರೂ ಒಂದು ಹಾಳೆ ಕಿತ್ತು ಬಂದಿಲ್ಲ, ನೋಡಿ.”

ಮಗಳು ಹೆಮ್ಮೆಯಿಂದ ನಿಘಂಟಿನತ್ತ ಬಾಗಿದಳು. ಆದರೂ ಕೈಗಳನ್ನು ಶಾಲಿನಿಂದ ಹೊರಗೆ ತೆಗೆಯಲಿಲ್ಲ. ನಾಲ್ಕು ತಿಂಗಳಿಂದ ಬೆಳಗ್ಗೆ ಎದ್ದರೆ ಒಂದು ಗಂಟೆ ಮುಷ್ಟಿ ಕಟ್ಟಲು ಆಗುತ್ತಿರಲಿಲ್ಲ. ಅಮ್ಮನಿಗೂ ಹೇಳಿರಲಿಲ್ಲ. ಇವತ್ತಿನದು ಮುಗಿದ ಮೇಲೆ ಅಮ್ಮನ ಬೈಂಡಿಂಗ್ ಅಂಗಡಿಗೆ ಬೀಗ ಹಾಕುವುದೆಂದು ಮನಸ್ಸಿನಲ್ಲೇ ತೀರ್ಮಾನಿಸಿದ್ದಳು.

ಸೋದರಮಾವ ಅವಳನ್ನು ಮುಂದಿನ ಕೋಣೆಯ ಅಂಗಡಿಗೆ ಕರೆದ. “ಅಕ್ಕ ಯಾವಾಗ್ಲೂ ಅನ್ನೋಳು, ‘ನಮ್ಮಮ್ಮನ ಗಂಟು ನನಗೆ ಬಂತು, ನನ್ನದು ಮಗಳಿಗೆ’ ಅಂತ. ಎಲ್ಲಿಟ್ಟಿದ್ದಾಳೆ? ನಾನೂ ಅದೇ ಹೊಟ್ಟೇಲಿ ಹುಟ್ಟಿದೋನು ತಾನೆ?”

*

ಮಗಳಿಗಾಗ ಹನ್ನೆರಡು ವರ್ಷ. ಡಾಕ್ಟರು ಅಮ್ಮನಿಗೆ ಹೇಳಿದ್ದರು: “ಈ ಕೀಲುವಾತ ಬರೋ ಸಾಧ್ಯತೆ ಮಾತ್ರ ವಂಶದಲ್ಲಿ ಇಳಿದು ಬರುತ್ತಮ್ಮ, ಕಾಯಿಲೆ ಅಲ್ಲ. ಮಗಳಿಗೆ ಬರಬಹುದು, ಬರದೇನೂ ಇರಬಹುದು.”

ಅಮ್ಮ ಮನೆಗೆ ಬಂದವಳೇ ಮಗಳ ಕೈಗೆ ಸೂಜಿ ಕೊಟ್ಟಳು. ಹಾಳೆಗಳ ಕಂತೆಯೊಂದನ್ನು ಹೊಲಿದಾದ ಮೇಲೆ ಎಲ್ಲರೂ ಬೆರಳ ತುದಿಯಲ್ಲಿ ಗಂಟು ಹಾಕುತ್ತಾರೆ. ಅಮ್ಮ ಕಲಿಸಿದ್ದು ಬೇರೆ: ದಾರದ ಒಂದು ತುದಿ ಹಲ್ಲಿಗೆ, ಇನ್ನೊಂದು ಅಂಗೈಗೆ ಸುತ್ತು. ಬೆರಳು ಮಡಚಬೇಕಾಗಿಯೇ ಇಲ್ಲ.

ತುಟಿ ಕೊಯ್ದುಕೊಂಡು ಹುಡುಗಿ ಅತ್ತಿದ್ದಳು. “ನನ್ನ ಬೆರಳು ಚೆನ್ನಾಗೇ ಇವೆಯಲ್ಲ! ನನಗ್ಯಾಕೆ ಈ ಹಾಳು ವಿದ್ಯೆ?”

“ಚೆನ್ನಾಗೇ ಇರಲಿ. ಇದನ್ನೂ ಕಲ್ತಿರು. ನಾನು ಕೊಡೋ ಗಂಟು ಇದೇ.”

*

ಮಗಳು ಶಾಲು ಸರಿಸಿ ಎರಡೂ ಕೈ ಮುಂದೆ ಚಾಚಿದಳು. “ಇಗೋ ಮಾವ, ಗಂಟು. ಪಾಲು ಬೇಕಾ?”

ಊದಿದ ಗೆಣ್ಣುಗಳನ್ನು ಕಂಡು ಮಾವನ ಮುಖ ಇಳಿಯಿತು. “ನಿನಗೂ ಬಂತೇನೆ? ಡಾಕ್ಟರಿಗೆ ತೋರಿಸಿದ್ಯಾ?”

“ನಾಳೆ ಹೋಗ್ತೀನಿ. ಅಮ್ಮನ ಕಾಲದಲ್ಲಿ ಇಲ್ಲದ ಔಷಧಿ ಈಗ ಇದೆಯಂತೆ.”

“ಮತ್ತೆ ಅಂಗಡಿ?”

ಅವಳು ಕೆಲಸದ ಮೇಜಿನತ್ತ ತಿರುಗಿದಳು. ಅದರ ಮೇಲೆ ಅಮ್ಮ ಹೋದ ವಾರ ಅರ್ಧಕ್ಕೆ ಬಿಟ್ಟ ಶಾಲೆಯ ಹಾಜರಿ ಪುಸ್ತಕವಿತ್ತು. ಸೂಜಿ ಇನ್ನೂ ದಾರದಲ್ಲೇ ನೇತಾಡುತ್ತಿತ್ತು. ಕೂತಳು. ಕೊನೆಯ ಕಂತೆಯನ್ನು ನಿಧಾನವಾಗಿ ಹೊಲಿದಳು. ದಾರದ ತುದಿ ಕಚ್ಚಿ ಹಿಡಿದು, ಇನ್ನೊಂದನ್ನು ಅಂಗೈಗೆ ಸುತ್ತಿ ಎಳೆದಳು. ಇಪ್ಪತ್ತು ವರ್ಷ ಬೇಕೇ ಆಗದಿದ್ದ ವಿದ್ಯೆಯನ್ನು ಕೈ ಮರೆತಿರಲಿಲ್ಲ.

ಅಮ್ಮನನ್ನು ಒಯ್ಯುವ ಗಾಡಿ ಬಂತೆಂದು ಹೊರಗೆ ಯಾರೋ ಕೂಗಿದರು. ಅವಳು ಪುಸ್ತಕವನ್ನು ಮಾವನ ಕೈಗಿಟ್ಟಳು.

“ಎಳೆದು ನೋಡಿ.”

ಮಾವ ಎರಡೂ ಕೈಯಲ್ಲಿ, ಇದ್ದಬದ್ದ ಶಕ್ತಿಯೆಲ್ಲ ಹಾಕಿ ಎಳೆದ. ಗಂಟು ಜಗ್ಗಲಿಲ್ಲ.