ನೀರು ಕುಡಿಯುವ ಬೈಕು

ಭಾವ ಬ್ಯಾಗಿನಿಂದ ಒಂದೊಂದೇ ಸ್ಪ್ಯಾನರ್ ತೆಗೆದು ಗೋಣಿಚೀಲದ ಮೇಲೆ ಇಡುತ್ತಿದ್ದ. ಅವಳು ಅಂಗಳದ ಮೆಟ್ಟಿಲ ಮೇಲೆ ಕೂತು ಅವನ ಕೈಯನ್ನೇ ನೋಡುತ್ತಿದ್ದಳು. ಮುಖ ನೋಡುವ ಧೈರ್ಯ ಅವಳಿಗೆ ಹುಟ್ಟಿನಿಂದಲೇ ಕಡಿಮೆ. ಕೈಗಳಾದರೆ ಎಷ್ಟು ಹೊತ್ತು ನೋಡಿದರೂ ತಿರುಗಿ ನೋಡುವುದಿಲ್ಲ.

"ಏನಮ್ಮ ಪತ್ತೇದಾರಿಣಿ, ಕಣ್ಣು ಮಿಟುಕಿಸೋದಾದ್ರೂ ಉಂಟಾ?" ಅಂದ ಭಾವ.

ಅವಳು ನಗಲಿಲ್ಲ. ತಪ್ಪಿಲ್ಲದವನು ಗ್ಯಾರೇಜು ಬೇಡ, ನಾನೇ ಬಿಚ್ತೀನಿ ಅಂತ ಯಾಕೆ ಓಡಿಬರಬೇಕು?

ಬೈಕು ಮೊದಲು ಅವನದೇ ಆಗಿತ್ತು. ಮಗು ಹುಟ್ಟಿದ ಮೇಲೆ ಅಕ್ಕ, "ಈ ರಾಕೆಟ್ ಮೇಲೆ ನಾನಂತೂ ಕೂರಲ್ಲ" ಎಂದು ಹಟ ಹಿಡಿದಳು. ಬೈಕು ನಾದಿನಿಯಾದ ಇವಳ ಪಾಲಿಗೆ ಬಂತು. ಮೊದಮೊದಲು ಬೆಣ್ಣೆಯ ಹಾಗೆ ಓಡಿತು. ಆಮೇಲೆ ಸಿಗ್ನಲ್‌ನಲ್ಲಿ ನಿಂತರೆ ಸಾಕು, ಮೀಟರಿನಲ್ಲಿ ಕೆಂಪು ದೀಪ, ಕಾಲಿಗೆ ಬಿಸಿ ಗಾಳಿ, ಕೆಳಗೆ ಹಬೆಯಾಡುವ ನೀರು. ಆಯುಷ್ಯವೆಲ್ಲ ಬಸ್ಸು ಓಡಿಸಿದ ಅಪ್ಪ ಅವತ್ತೇ ತೀರ್ಪು ಕೊಟ್ಟ. "ಎಂಜಿನ್ ಒಳಗೆ ಬಿರುಕಿದೆ. ದಿನಾ ನೀರು ಕುಡೀತಿದೆ ಇದು. ಮುಚ್ಚಿಟ್ಟು ನಿನ್ನ ತಲೆಗೆ ಕಟ್ಟಿದಾನೆ."

ಬಾಯಲ್ಲಿ ಹೇಳಲಾಗದ್ದನ್ನು ಅವಳು ಬೆರಳಲ್ಲಿ ಹೇಳುವವಳು. ಅಪ್ಪನ ಮಾತನ್ನು ಇದ್ದದ್ದು ಇದ್ದ ಹಾಗೆ ಅಕ್ಕನಿಗೆ ಮೆಸೇಜ್ ಮಾಡಿದಳು. ಅಕ್ಕ ಅಂದಿನಿಂದ ಫೋನ್ ಎತ್ತಿಲ್ಲ. ಬಂದವನು ಭಾವ. ಬಿರುಕು ಸಿಕ್ಕರೆ ಗಾಡಿ ವಾಪಸ್ ಒಯ್ಯುತ್ತೇನೆ ಅಂದಿದ್ದಾನೆ. ಗಾಡಿ ಹೋದರೆ ಅದರ ಹಿಂದೆಯೇ ಅಕ್ಕನೂ ದೂರವಾದ ಹಾಗೆ, ಅದು ಅವಳಿಗೆ ಗೊತ್ತಿತ್ತು.

ಅವಳ ಹತ್ತಿರ ಇನ್ನೊಂದು ಸಾಕ್ಷಿ ಇತ್ತು. ಸೀಟಿನ ಕೆಳಗೆ, ಎಂಜಿನ್ ತಂಪಾಗಿಡುವ ಕೂಲಂಟ್ ದ್ರವದ ಬಾಟಲಿಗೆ ಅವಳು ಗುಟ್ಟಾಗಿ ನೇಲ್ ಪಾಲಿಶ್‌ನ ಗೆರೆ ಎಳೆದಿದ್ದಳು. ಇಳಿಯಬೇಕಾದ ಮಟ್ಟ ಏರುತ್ತಿತ್ತು! ನೀರು ಕುಡಿಯುವ ಗಾಡಿಯ ಬಾಟಲಿ ತುಂಬುವುದು ಹೇಗೆ? ಭಾವ ಏನೋ ಕೈಚಳಕ ಮಾಡಿಯೇ ಕೊಟ್ಟಿರಬೇಕು.

ಭಾವ ಪಕ್ಕದ ಪ್ಲಾಸ್ಟಿಕ್ ಕವಚ ಬಿಚ್ಚಿ ಗೋಡೆಗೆ ಒರಗಿಸಿದ. ಎಂಜಿನ್ ತಣ್ಣಗಿದೆಯೇ ಎಂದು ಅಂಗೈಯಿಟ್ಟು ನೋಡಿದ. ಕೂಲಂಟ್ ಪಂಪಿನ ಕೆಳಗೆ ಬೋಗುಣಿ ಸರಿಸಿ ಬೋಲ್ಟ್ ಸಡಿಲಿಸಿದ.

ಸುರಿದದ್ದು ಕಂಡೂ ಕಾಣದಷ್ಟು ಗುಲಾಬಿ. ಹೆಚ್ಚುಕಡಿಮೆ ನೀರೇ.

"ಇದು ನಾನು ಹಾಕಿದ್ದಲ್ಲ," ಭಾವ ಹುಬ್ಬು ಗಂಟಿಕ್ಕಿದ. "ಕೊಡೋ ಮುಂಚೆ ಗಾಢ ಗುಲಾಬಿ ಕೂಲಂಟ್ ತುಂಬಿಸಿದ್ದೆ. ಇದಕ್ಕೆ ಯಾರೋ ನಲ್ಲಿ ನೀರು ಸುರಿದಿದ್ದಾರೆ."

"ನಾನಲ್ಲ ಅಂತ ಎಲ್ಲರೂ ಹೇಳ್ತಾರಪ್ಪ," ಕಿಟಕಿಯ ಒಳಗಿನಿಂದ ಅಪ್ಪನ ದನಿ. ಪೇಪರ್ ಓದುವ ನೆಪದಲ್ಲಿ ಅವನೂ ಕಾವಲಿಗೆ ಕೂತಿದ್ದ.

"ಮಾವ, ನೀವೇ ಬಂದು ನೋಡಿ."

"ನೋಡೋದೇನು? ಕಣ್ಣು ಮುಚ್ಚಿ ಹೇಳ್ತೀನಿ."

ನಟನೆ ಚೆನ್ನಾಗಿದೆ ಅಂದುಕೊಂಡಳು ಅವಳು, ಭಾವನ ಬೆರಳುಗಳಿಂದ ಕಣ್ಣು ಕೀಳದೆ. ಆ ಬೆರಳುಗಳು ಹ್ಯಾಂಡಲ್ ಪಕ್ಕದ ಸಂದಿಗೆ ಇಳಿದು ರೇಡಿಯೇಟರ್ ಮುಚ್ಚಳವನ್ನು ತಿರುವಿ ತೆಗೆದವು, ಮಗುಚಿ ಬೆಳಕಿಗೆ ಹಿಡಿದವು. ಒಳಗಿನ ರಬ್ಬರ್ ಉಂಗುರದಿಂದ ಏನನ್ನೋ ಉಗುರಲ್ಲಿ ಎಳೆದವು. ಭಾವ ಒಮ್ಮೆ ಕಿಟಕಿಯ ಕಡೆ ನೋಡಿ, ಅದನ್ನು ಮೆಲ್ಲಗೆ ಜೇಬಿಗೆ ಹಾಕಿಕೊಂಡ.

"ಏನದು?" ಅವಳ ದನಿ ಅವಳಿಗೇ ಜೋರೆನಿಸಿತು.

"ಏನಿಲ್ಲ. ಕಸ."

"ತೋರಿಸಿ, ಭಾವ."

"ಬಿಡೇ ಪುಟ್ಟಿ..."

ಅವಳು ಕೈ ಚಾಚಿಯೇ ನಿಂತಳು. ಅವನು ನಿಟ್ಟುಸಿರಿಟ್ಟು ಅಂಗೈ ಮೇಲೆ ಇಟ್ಟದ್ದು ಒಂದು ಎಳೆ ದಪ್ಪ ನೂಲು. ಬಣ್ಣ ಖಾಕಿ.

ಕಿಟಕಿಯಲ್ಲಿ ಅಪ್ಪ ಕನ್ನಡಕ ಒರೆಸಿಕೊಳ್ಳುತ್ತಿದ್ದ. ಕೈಯಲ್ಲಿದ್ದದ್ದು ಹಳೆಯ ಯೂನಿಫಾರ್ಮ್ ಅಂಗಿ ಹರಿದು ಮಾಡಿಕೊಂಡ ಬಟ್ಟೆ, ಅಂಚೆಲ್ಲ ಬಿಚ್ಚಿಕೊಂಡ ಖಾಕಿ.

ಅವಳಿಗೆ ಬೆಳಗಿನ ಸದ್ದು ನೆನಪಾಯಿತು. ತಾನು ಸ್ನಾನಕ್ಕೆ ಹೋದಾಗಲೆಲ್ಲ ಹೊರಗೆ ನಲ್ಲಿ, ಮಗ್ಗು, ಅಪ್ಪನ ಕೆಮ್ಮು. ಗಿಡಕ್ಕೆ ನೀರು ಹಾಕುತ್ತಿದ್ದಾನೆ ಅಂದುಕೊಂಡಿದ್ದಳು. ದಿನಾ ನೀರು ಕುಡೀತಿದೆ ಅಂತ ಅಪ್ಪನಿಗೆ ಹೇಗೆ ಗೊತ್ತಾಯಿತು ಎಂದು ಒಂದು ದಿನವೂ ಕೇಳಿರಲಿಲ್ಲ.

"ಮುಚ್ಚಳ ಹಳೇದಾಗಿತ್ತು ಅಂದುಬಿಡೋಣ," ಭಾವ ಪಿಸುಗುಟ್ಟಿದ. "ಮಾವನಿಗೆ ಬೇಜಾರಾಗುತ್ತೆ."

ಹಾಗೆಂದರೆ ಹಳೇ ಮುಚ್ಚಳದ ಗಾಡಿ ಕೊಟ್ಟವನು ಅವನೇ ಆಗಿ ಉಳಿಯುತ್ತಾನೆ, ಅಕ್ಕ ಫೋನ್ ಎತ್ತದೆಯೇ ಉಳಿಯುತ್ತಾಳೆ. ಅವಳು ಕಿಟಕಿಯ ಕಡೆ ತಿರುಗಿದಳು.

"ಅಪ್ಪಾ, ನೀನು ಬೆಳಿಗ್ಗೆ ಬೈಕಿಗೆ ನೀರು ಹಾಕ್ತಿದ್ಯಾ?"

"ಹಾಕದೆ ಮತ್ತೆ?" ಅಪ್ಪ ಎದೆಯುಬ್ಬಿಸಿಯೇ ಹೊರಗೆ ಬಂದ. "ರೇಡಿಯೇಟರ್‌ಗೆ ನೀರು ನೋಡದೆ ನಾನು ಒಂದು ದಿನ ಬಸ್ಸು ಹೊರಡಿಸಿದವನಲ್ಲ. ನೀನೋ, ಕೀ ತಿರುವಿ ಹೊರಟುಬಿಡ್ತೀಯ. ಮುಚ್ಚಳಾನೂ ಚೆನ್ನಾಗಿ ಒರೆಸಿ ಹಾಕ್ತೀನಿ."

ಅವಳು ನೂಲು ಎತ್ತಿ ತೋರಿಸಿದಳು. "ಒರೆಸುವಾಗ ಇದು ಮುಚ್ಚಳಕ್ಕೆ ಸಿಕ್ಕಿಕೊಂಡಿದೆ."

ಭಾವ ನೆಲ ನೋಡುತ್ತ ಉಳಿದದ್ದು ಹೇಳಿದ. ನೂಲು ಅಡ್ಡ ಬಂದು ಮುಚ್ಚಳ ಬಿಗಿಯಾಗಿ ಕೂತಿರಲಿಲ್ಲ. ಬಿಸಿಯಾದ ಕೂಲಂಟ್ ಸಂದಿಯಲ್ಲಿ ನುಗ್ಗಿ ಬಾಟಲಿ ತುಂಬಿಸುತ್ತಿತ್ತು, ಹೆಚ್ಚಾದದ್ದು ನೆಲಕ್ಕೆ. ಬೆಳಿಗ್ಗೆ ರೇಡಿಯೇಟರ್ ಖಾಲಿ ಕಂಡರೆ ಅಪ್ಪ ಮತ್ತೆ ನೀರು ಸುರಿಯುತ್ತಿದ್ದ. ಎಂಜಿನ್ನಿಗೆ ಬಿರುಕೂ ಇಲ್ಲ, ಗಿರುಕೂ ಇಲ್ಲ.

ಅಪ್ಪ ನೂಲನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದ. ತನ್ನ ಬಟ್ಟೆಯ ಪಕ್ಕ ಇಟ್ಟು ನೋಡಿದ. ಆಮೇಲೆ ಒಳಗೆ ಹೋಗಿ, ಜಾಲಾಡಿದ ಹಾಗೆ ಸದ್ದು ಮಾಡಿ, ಒಂದು ಹೊಸ ಬಿಳಿ ಬಟ್ಟೆ ತಂದು ಅಳಿಯನ ಮುಂದೆ ಇಟ್ಟ. "ನೂಲು ಬಿಡಲ್ಲ ಇದು."

ಭಾವ ರೇಡಿಯೇಟರ್ ತೊಳೆದು ಗಾಢ ಗುಲಾಬಿ ಕೂಲಂಟ್ ಸುರಿದ. ಗಾಳಿ ಹೊರಬರಲಿ ಎಂದು ಬೈಕನ್ನು ಅತ್ತಿತ್ತ ವಾಲಿಸುವಾಗ ಅಪ್ಪ ಹೇಳಿಸಿಕೊಳ್ಳದೆಯೇ ಹಿಂದಿನಿಂದ ಹಿಡಿದುಕೊಂಡ. ಎಂಜಿನ್ ಶುರುವಾಯಿತು. ಗುಳ್ಳೆಗಳು ನಿಂತ ಮೇಲೆ ಭಾವ ಮುಚ್ಚಳ ಒತ್ತಿ ತಿರುವಿದ. ಮೂವರೂ ಉಸಿರು ಹಿಡಿದು ನಿಂತರು. ಫ್ಯಾನ್ ತಿರುಗಿತು, ತುಸು ಹೊತ್ತಿಗೆ ತಾನಾಗಿ ನಿಂತಿತು. ಕೆಂಪು ದೀಪ ಬರಲಿಲ್ಲ.

"ಅದೆಲ್ಲ ಸರಿ," ಅಪ್ಪ ಬಗ್ಗಿ ಹಿಂದಿನ ಚಕ್ರ ಮುಟ್ಟಿದ. "ಟೈರ್ ಯಾಕೋ ಒಂದೇ ಕಡೆ ಸವೆದ ಹಾಗಿದೆಯಲ್ಲ?"

"ಮಾವಾ!"

ಅವಳು ಅಷ್ಟರಲ್ಲಿ ಮೆಸೇಜ್ ಟೈಪ್ ಮಾಡಿ ಅಳಿಸಿದ್ದಳು. ಫೋನನ್ನು ಕಿವಿಗೆ ಹಿಡಿದಳು. ಆ ಕಡೆ ತುಂಬ ಹೊತ್ತು ರಿಂಗ್ ಆಗಿ, ಕೊನೆಗೆ ಅಕ್ಕನ ಬಿಗಿದ ದನಿ ಬಂತು.

"ಏನಂತೆ ನಿಮ್ಮ ಗಾಡಿ?"

"ಅಕ್ಕಾ," ಅಂದಳು ಅವಳು, "ನಾನು ಮಾತಾಡ್ತೀನಿ, ಫೋನ್ ಇಟ್ಟುಬಿಡಬೇಡ."