ಅರ್ಧ ಮುಖ ಹೊಲಿದ ಗೊಂಬೆ

ಶನಿವಾರ ಬೆಳಿಗ್ಗೆ ಹತ್ತೂ ಕಾಲಿಗೆ ಟಪಾಲಿನವನು ಬಿಟ್ಟುಹೋದ ಪೊಟ್ಟಣವನ್ನು ಬ್ರೆನ್ನಾ ಅಡಿಗೆಮನೆಯ ಮೇಜಿನ ಮೇಲಿಟ್ಟು ಕತ್ತರಿಯಿಂದ ಸೀಳಿದಳು. ಒಳಗಿಂದ ಮೊದಲು ಕೆಂಪು ಉಣ್ಣೆಯ ಜಡೆ ಬಂತು, ಆಮೇಲೆ ನೀಲಿ ಚುಕ್ಕೆಯ ಲಂಗ. ಗೊಂಬೆಯನ್ನು ಅಂಗಾತ ತಿರುಗಿಸಿದವಳೇ ಬಿಸಿ ಪಾತ್ರೆ ಮುಟ್ಟಿದವಳಂತೆ ಕೈ ಹಿಂದಕ್ಕೆಳೆದುಕೊಂಡಳು.

ಗೊಂಬೆಗೆ ಅರ್ಧವೇ ಮುಖವಿತ್ತು.

ಬಲಗಡೆ ಎಲ್ಲವೂ ಇತ್ತು. ಕಪ್ಪು ಕಣ್ಣು, ಅದರೊಳಗೆ ಬಿಳಿ ನೂಲಿನ ಮಿಂಚು, ಐದು ರೆಪ್ಪೆ, ಗುಲಾಬಿ ಕೆನ್ನೆ, ಮೇಲಕ್ಕೆ ಬಾಗಿದ ಅರ್ಧ ನಗು. ಎಡಗಡೆ ಬರಿ ಬಿಳಿ ಬಟ್ಟೆ. ಸೂಜಿ ಚುಚ್ಚಿದ ಗುರುತು ಕೂಡ ಇಲ್ಲ. ನಡುವೆ ಯಾರೋ ಗೋಡೆ ಕಟ್ಟಿದ ಹಾಗೆ ಹೊಲಿಗೆ ಅಲ್ಲಿಗೇ ನಿಂತುಹೋಗಿತ್ತು.

"ಏನಾಯ್ತೇ? ಇಲಿ ಹಾರಿ ಬಂತಾ?" ಆಲೂಗಡ್ಡೆ ಹೆರೆಯುತ್ತಿದ್ದ ಮಾವಿಸ್ ದೊಡ್ಡಮ್ಮ ಕೈ ಒರೆಸಿಕೊಳ್ಳುತ್ತ ಬಂದರು. ಗೊಂಬೆ ಅವರದೇ. ಅರವತ್ತು ವರ್ಷದ ಗೊಂಬೆಯನ್ನು ಬೇಸಿಗೆಯಲ್ಲಿ ನಾಯಿ ಅಗಿದು ಹಾಕಿತ್ತು. ಅವರು ಅದರ ಗಲ್ಲ ಹಿಡಿದು ಎತ್ತಿ ನೋಡಿದರು. "ಅಯ್ಯೋ ದೇವ್ರೇ! ನನ್ನ ಮಗೂಗೆ ಏನು ಮಾಡಿದ್ಲು ಆ ಮುದುಕಿ?"

ಬ್ರೆನ್ನಾ ಸಾಮಾನ್ಯವಾಗಿ ಮಾತಾಡುವವಳಲ್ಲ. ಹದಿನಾರಕ್ಕೆ ಶಾಲೆ ಬಿಟ್ಟಿದ್ದಳು. ಈಗ ಇಪ್ಪತ್ತೆರಡು. ವಾರದಲ್ಲಿ ಐದು ದಿನ ಊರಾಚೆಯ ವೃದ್ಧಾಶ್ರಮದಲ್ಲಿ ಊಟದ ತಟ್ಟೆ ಹೊರುತ್ತಾಳೆ, ಉಳಿದ ಹೊತ್ತು ಹೊಲಿಯುತ್ತಾಳೆ. ಹರಿದ ಗೊಂಬೆ ಯಾರೇ ಕೊಡಲಿ, ಹೊಲಿಗೆ ಬಿಚ್ಚಿ, ಹಳೆ ಹತ್ತಿ ತೆಗೆದು, ಒಗೆದು, ತೇಪೆ ಹಾಕಿ, ಹೊಸದಾಗಿ ತುಂಬಿ ಕೊಡುತ್ತಾಳೆ. ಮುಖ ಮಾತ್ರ ಅವಳಿಂದಾಗದು. ಖಾಲಿ ಮುಖದ ಮೇಲೆ ಸೀಸದ ಕಡ್ಡಿ ಇಟ್ಟರೆ ಸಾಕು, ಕೈ ಮರಗಟ್ಟುತ್ತದೆ. ಗೊಂಬೆಯ ಕೈಕಾಲು ಸುಮ್ಮನಿರುತ್ತವೆ, ಮುಖ ತಿರುಗಿ ನೋಡುತ್ತದಲ್ಲ. ಅದಕ್ಕೇ ಮುಖಗಳೆಲ್ಲ ಮೂವತ್ತು ಮೈಲಿ ಆಚೆಯ ಆರ್ಡಿತ್ ಪಾಲಿಗೆ.

ಆರ್ಡಿತ್‌ಗೆ ಎಪ್ಪತ್ತನಾಲ್ಕು. ಒಂಟಿ ಹೆಂಗಸು. 'ಏಳು ಚಂದ್ರರ ನಾವೆ' ಎಂಬ ಟೀವಿ ಧಾರಾವಾಹಿಯ ಹುಚ್ಚು ಇಬ್ಬರನ್ನೂ ಕೂಡಿಸಿತ್ತು. ಆ ಧಾರಾವಾಹಿಯ ಒಂದೊಂದು ಕಂತಿಗೂ ಕೌದಿಯ ಒಂದೊಂದು ಚೌಕ ಹೊಲಿಯುವ ಹೆಂಗಸರ ಗುಂಪೊಂದು ಅಂತರ್ಜಾಲದಲ್ಲಿದೆ. ಆ ಗುಂಪಿನಲ್ಲಿ ಆರ್ಡಿತ್ ಹೈಕೋರ್ಟು ಇದ್ದ ಹಾಗೆ. ನಾವೆಯ ದೀಪಕ್ಕೆ ಎಷ್ಟು ಕಿರಣ, ಕಪ್ತಾನಳ ಕೋಟಿಗೆ ಎಷ್ಟು ಗುಂಡಿ, ಅವರು ಹೇಳಿದ್ದೇ ಕೊನೆಯ ಮಾತು. ಈವತ್ತು ಅವರು ಊಟಕ್ಕೆ ಬರುವವರಿದ್ದರು. ಇಬ್ಬರ ಚೌಕಗಳನ್ನೂ ನೆಲದ ಮೇಲೆ ಹರಡಿ, ಯಾವುದು ಎಲ್ಲಿ ಎಂದು ಜೋಡಿಸುವುದಿತ್ತು.

"ಓಹೋ, ತಿಳೀತು ಬಿಡು," ದೊಡ್ಡಮ್ಮ ನಕ್ಕರು. "ನಿಮ್ಮ ಆ ಕಪ್ತಾನಮ್ಮ ಇದಾಳಲ್ಲ, ಸುಟ್ಟ ಅರ್ಧ ಮುಖಕ್ಕೆ ಬಿಳಿ ತಗಡು ಹೊಡ್ಕೊಂಡಿರೋಳು? ನನ್ನ ಗೊಂಬೆನ ಅವಳನ್ನಾಗಿ ಮಾಡಿ ಕಳ್ಸಿದಾಳೆ. ತಮಾಷೆ! ಬರ್ಲಿ, ಊಟಕ್ಕೆ ಅರ್ಧ ತಟ್ಟೆ ಇಡ್ತೀನಿ."

ಬ್ರೆನ್ನಾ ದೊಡ್ಡಮ್ಮನ ಕೈಯಿಂದ ಗೊಂಬೆ ತೆಗೆದುಕೊಂಡಳು. ಹೌದಲ್ಲ, ಕಪ್ತಾನ ಥ್ರೆನ್ನಾ. ಮುಖವಾಡದ ಥ್ರೆನ್ನಾ. ಅವಳು ಗೊಂಬೆಯ ಫೋಟೋ ತೆಗೆದು ಗುಂಪಿಗೆ ಹಾಕಿದಳು. ಎರಡೇ ನಿಮಿಷಕ್ಕೆ ಚಪ್ಪಾಳೆ ಸುರಿಯಿತು. 'ಆರ್ಡಿತ್, ನಿಮಗೆ ಯಾರು ಸಾಟಿ!' 'ಭಯ ಆಯ್ತಪ್ಪ, ಅಷ್ಟು ಚೆನ್ನಾಗಿದೆ.' ಕೆಂಪು ಹೃದಯಗಳು ಒಂದರ ಮೇಲೊಂದು ಏರುತ್ತಿದ್ದವು.

ನೋಡುತ್ತ ನೋಡುತ್ತ ಬ್ರೆನ್ನಾ ಹೃದಯಗಳನ್ನು ಬಿಟ್ಟು ಫೋಟೋವನ್ನೇ ದಿಟ್ಟಿಸಿದಳು.

ಥ್ರೆನ್ನಾಳ ಮುಖವಾಡ ಈ ಕಡೆಗಲ್ಲ. ಇನ್ನೊಂದು ಕಡೆಗೆ.

ಹೋದ ಮಾಗಿಯಲ್ಲಿ ಗುಂಪಿನ ಹೆಂಗಸೊಬ್ಬಳು ಚೌಕದಲ್ಲಿ ಮುಖವಾಡವನ್ನು ತಪ್ಪು ಕಡೆಗೆ ಹೊಲಿದಾಗ ಆರ್ಡಿತ್ ಮೂರು ವಾರ ಜಗಳ ಕಾದಿದ್ದರು. 'ಸುಟ್ಟಿದ್ದು ನೋಡೋರ ಬಲಗಡೆ! ಟೀವಿ ನೋಡ್ತೀಯೋ ಕನ್ನಡಿ ನೋಡ್ತೀಯೋ?' ಎಂದು ಬರೆದಿದ್ದರು. ಅಂಥವರು ಈ ತಪ್ಪು ಮಾಡುವುದುಂಟೇ?

ಪೊಟ್ಟಣದಲ್ಲಿ ಇನ್ನೂ ಒಂದು ಚೌಕ, ಒಂದು ಕಾಗದ ಇದ್ದವು. ಚೌಕ ಬಿಡಿಸಿದಳು. ಅದರ ನಡುವಿನ ನಕ್ಷತ್ರಕ್ಕೆ ಎಂಟು ಮೊನೆ ಇರಬೇಕಿತ್ತು. ಬಲಗಡೆಯ ನಾಲ್ಕು ಮೊನೆ ಕೂದಲೆಳೆಯಷ್ಟೂ ಆಚೀಚೆಯಾಗದೆ ಕೂತಿದ್ದವು. ಎಡಗಡೆ ಬರಿಯ ನೀಲಿ. ಕಾಗದ ಬಿಡಿಸಿದಳು. ಅಕ್ಷರಗಳೆಲ್ಲ ಹಾಳೆಯ ಬಲಗಡೆಗೆ ಒತ್ತರಿಸಿಕೊಂಡು, ಮಳೆಗೆ ಜಗಲಿ ಸೇರಿದ ಕೋಳಿಗಳ ಹಾಗೆ ಒಂದರ ಮೈಮೇಲೊಂದು ಬಿದ್ದಿದ್ದವು.

'ಮರಿ, ಈ ಸಲದ್ದು ನನ್ನ ಕೈಯಿಂದ ಬಂದ ಮುಖಗಳಲ್ಲೇ ಚೆಂದದ್ದು. ನೋಡಿ ಮಾವಿಸ್ ಅಳದಿದ್ರೆ ಕೇಳು. ಶನಿವಾರ ಹನ್ನೆರಡಕ್ಕೆ ಸರಿಯಾಗಿ ಬರ್ತೀನಿ, ನಾನೇ ಕಾರು ಓಡಿಸಿಕೊಂಡು.'

ತಮಾಷೆಯಲ್ಲ. ಚೆಂದದ್ದು ಎಂದೇ ನಂಬಿದ್ದಾರೆ.

ಆಗ ಬ್ರೆನ್ನಾಳಿಗೆ ಹೌಕ್ ತಾತನ ತಟ್ಟೆ ನೆನಪಾಯಿತು. ವೃದ್ಧಾಶ್ರಮದಲ್ಲಿ ಆತ ದಿನಾ ಬಲಗಡೆಯ ಅರ್ಧ ತಟ್ಟೆ ಮಾತ್ರ ತಿಂದು, ಮಾಂಸ ಕೊಡದೆ ಮೋಸ ಮಾಡುತ್ತೀರಿ ಎಂದು ಕೂಗಾಡುತ್ತಿದ್ದ. ಮಾಂಸ ಅಲ್ಲೇ ಎಡಗಡೆ ಆರುತ್ತ ಕೂತಿರುತ್ತಿತ್ತು. ಬ್ರೆನ್ನಾ ಸದ್ದಿಲ್ಲದೆ ತಟ್ಟೆ ತಿರುಗಿಸಿಡುತ್ತಿದ್ದಳು. 'ಈಗ ತಂದ್ಯಾ?' ಎಂದು ಆತ ತಿನ್ನುತ್ತಿದ್ದ. ಕಣ್ಣಿಗೇನೂ ಆಗಿಲ್ಲ, ಮಿದುಳಿಗೆ ಲಕ್ವ ಹೊಡೆದು ಎಡಗಡೆ ಎಂಬುದೇ ಆತನ ಪಾಲಿಗೆ ಇಲ್ಲವಾಗಿದೆ ಎಂದು ದಾದಿ ಹೇಳಿದ್ದಳು. ಇಲ್ಲ ಎಂಬುದೂ ಆತನಿಗೆ ಗೊತ್ತಿಲ್ಲ.

ಗಡಿಯಾರ ಹತ್ತು ನಲವತ್ತು ತೋರಿಸುತ್ತಿತ್ತು. ಆರ್ಡಿತ್ ಮನೆಯ ಮಣ್ಣುದಾರಿ ಹೆದ್ದಾರಿಗೆ ಸೇರುವಲ್ಲಿ ಎಡಗಡೆಯಿಂದ ಬರುವ ಲಾರಿಯೇ ಮೊದಲು ಎದುರಾಗುವುದು. ಅಕ್ಟೋಬರ್. ಮೆಕ್ಕೆಜೋಳದ ಕೊಯ್ಲು. ನಿಮಿಷಕ್ಕೊಂದು ಲಾರಿ.

"ದೊಡ್ಡಮ್ಮ, ಆರ್ಡಿತ್‌ಗೆ ಲಕ್ವ ಹೊಡೆದಿದೆ. ತುರ್ತು ನಂಬರಿಗೆ ಮಾಡಿ. ಅವರ ಮನೆಗೆ ಆಂಬುಲೆನ್ಸ್ ಕಳಿಸಕ್ಕೆ ಹೇಳಿ."

"ಏನಂತಿದೀಯೇ? ಗೊಂಬೆ ನೋಡಿ ಕಾಯಿಲೆ ಹೇಳೋಕೆ ನೀನ್ಯಾವ ಡಾಕ್ಟರು? ಆಂಬುಲೆನ್ಸ್ ಬಂದು ನೋಡಿದ್ರೆ ಅವಳು ಗಟ್ಟಿಮುಟ್ಟಾಗಿ ನಿಂತಿರ್ತಾಳೆ, ಜನ್ಮದಲ್ಲಿ ನಮ್ಮ ಮುಖ ನೋಡಲ್ಲ."

"ಮುಖವಾಡ ಆ ಕಡೆ ಅಲ್ಲ!" ಬ್ರೆನ್ನಾ ಕಿರುಚಿದಳು. ಆ ಮನೆಯಲ್ಲಿ ಅವಳು ಕಿರುಚಿದ್ದು ಅದೇ ಮೊದಲು. ದೊಡ್ಡಮ್ಮ ಚೌಕವನ್ನೂ ಕಾಗದವನ್ನೂ ಒಂದೊಂದಾಗಿ ನೋಡಿದರು. ಮೋರೆಯ ಮೇಲಿದ್ದ ನಗು ಇಳಿದುಹೋಯಿತು. ತಮ್ಮ ಮೊಬೈಲು ಹಿಡಿದು ಹಿಂಬಾಗಿಲ ಹತ್ತಿರ ಹೋದರು.

ಬ್ರೆನ್ನಾ ಗೋಡೆಯ ಫೋನು ಎತ್ತಿಕೊಂಡಳು. ಫೋನೆಂದರೆ ಅವಳಿಗೆ ಹಾವು ಹಿಡಿದಂತೆ. ಬೆರಳುಗಳು ಎರಡು ಸಲ ತಪ್ಪು ಗುಂಡಿ ಒತ್ತಿದವು.

"ಯಾರು? ಬೇಗ ಹೇಳಿ, ಕೋಟು ಹಾಕ್ಕೊಂಡಾಗಿದೆ."

"ನಾನು... ಬ್ರೆನ್ನಾ."

"ಅಬ್ಬಬ್ಬಾ! ನೀನಾಗೇ ಫೋನ್ ಮಾಡಿದ್ಯಾ? ತಡಿ, ಗೋಡೆ ಮೇಲೆ ತಾರೀಕು ಬರ್ದಿಡ್ತೀನಿ. ಗೊಂಬೆ ಬಂತಾ? ಮುಖ ಹೇಗಿದೆ? ನಿಜ ಹೇಳ್ಬೇಕು."

"ಆರ್ಡಿತ್... ಎಷ್ಟು ಕಣ್ಣು ಹೊಲಿದ್ರಿ?"

"ಇದೆಂಥ ಪ್ರಶ್ನೆನೇ? ಎರಡು! ಗೊಂಬೆಗೇನು ಜೇಡಕ್ಕಿದ್ದಂಗೆ ಎಂಟಿರ್ತವಾ?"

ಬ್ರೆನ್ನಾ ಗೋಡೆಗೊರಗಿದಳು. ಮೇಜಿನ ಮೇಲಿಂದ ಆ ಒಂಟಿ ಕಣ್ಣು ಅವಳನ್ನೇ ನೋಡುತ್ತಿತ್ತು.

"ನೀವು ಹೊರಡ್ಬೇಡಿ. ನಿಮಗೆ ಮೈ ಸರಿ ಇಲ್ಲ ಅನ್ಸುತ್ತೆ."

"ನನ್ನ ಮೈ ನಂಗೊತ್ತಿಲ್ವಾ? ಎತ್ತಿನ ಹಂಗಿದೀನಿ. ಈ ಬಾಗಿಲ ಚೌಕಟ್ಟು ಮಾತ್ರ ಬೆಳಿಗ್ಗೆಯಿಂದ ಎರಡು ಸಲ ಭುಜಕ್ಕೆ ಬಡೀತು. ಮನೆ ಚಿಕ್ಕದಾಗ್ತಿದೆಯೋ ನಾನು ದಪ್ಪಗಾಗ್ತಿದೀನೋ! ಸರಿ, ಇಡ್ತೀನಿ, ಬಂದ್ಮೇಲೆ ಹರಟೆ."

"ಇರಿ!" ಏನು ಹೇಳಲಿ? ಆರ್ಡಿತ್ ಯಾವುದಕ್ಕೆ ನಿಲ್ಲುತ್ತಾರೆ? ಬೆಂಕಿ ಬಿದ್ದರೂ ನಿಲ್ಲದವರು. ಬಟ್ಟೆಗೆ ನಿಲ್ಲುತ್ತಾರೆ. "ದೀಪದ ಹಳದಿ ಬಟ್ಟೆ ಮುಗಿದುಹೋಯ್ತು. ನನ್ನ ಕೊನೇ ಚೌಕಕ್ಕೆ... ಅಂಗೈಯಷ್ಟು ಸಾಕು. ತರ್ತೀರಾ? ಈಗಲೇ ಹುಡುಕ್ತೀರಾ? ನಾನು ಹಿಡ್ಕೊಂಡಿರ್ತೀನಿ."

"ಚಿಕ್ಕ ಚುಕ್ಕೆದಾ? ಅಯ್ಯೋ, ಅದಿಲ್ದೆ ದೀಪ ಹೆಂಗೆ ಉರಿಯತ್ತೆ! ಇರು, ಬೀರು ತೆಗೀತೀನಿ."

ಬೀರು ಕಿರುಗುಟ್ಟಿತು. ಆ ಬೀರು ಬ್ರೆನ್ನಾಳಿಗೆ ಗೊತ್ತು. ಬಣ್ಣದ ಸಾಲು, ಬಲತುದಿಗೆ ಕಪ್ಪು, ಎಡತುದಿಗೆ ಹಳದಿ. ಕಾಣುವುದಿಲ್ಲ ಎಂದು ಗೊತ್ತಿದ್ದೇ ಕೇಳಿದ್ದಳು. ಕುರುಡರ ದಾರಿಗೆ ಕಾಲು ಅಡ್ಡ ಕೊಟ್ಟ ಹಾಗೆ.

"ಹಸಿರಿದೆ... ನೇರಳೆ ಇದೆ... ಕಂದು... ಮತ್ತೆ ಹಸಿರು. ಹಳದಿ ಎಲ್ಹೋಯ್ತು?" ಆರ್ಡಿತ್ ಏದುಸಿರು ಬಿಡುತ್ತಿದ್ದರು. "ಬ್ರೆನ್ನಾ, ಯಾರೋ ನನ್ನ ಹಳದೀನೆಲ್ಲ ಕದ್ದಿದಾರೆ!"

"ಇನ್ನೊಂದ್ಸಲ ನೋಡಿ," ಎಂದಳು ಬ್ರೆನ್ನಾ. ಹಿಂಬಾಗಿಲ ಬಳಿ ದೊಡ್ಡಮ್ಮ ಎರಡು ಕೈ ಎತ್ತಿ ಹತ್ತೂ ಬೆರಳು ತೋರಿಸಿದರು. ಆಂಬುಲೆನ್ಸಿಗೆ ಇನ್ನೂ ಹತ್ತು ನಿಮಿಷ.

ಅವಳು ಮಾತಾಡಿದಳು. ಇಡೀ ವರ್ಷದಲ್ಲಿ ಆಡದಷ್ಟು ಮಾತನ್ನು ಆ ಕೆಲವು ನಿಮಿಷಗಳಲ್ಲಿ ಆಡಿದಳು. ನಲವತ್ತನೇ ಚೌಕದ ಅಂಚಿನ ಬಗ್ಗೆ, ನಾಯಿಯ ಬಗ್ಗೆ, ದೊಡ್ಡಮ್ಮನ ಉಪ್ಪು ಹೆಚ್ಚಾದ ಸಾರಿನ ಬಗ್ಗೆ. ಮಾತು ಮುಗಿದರೆ ಜೀವ ಮುಗಿಯುತ್ತದೆ ಎಂಬ ಹಾಗೆ.

"ಸಾಕು ಕಣೇ ಹುಡುಗಿ," ಆರ್ಡಿತ್ ಕೊನೆಗೆ ರೇಗಿದರು. "ಮುಚ್ಚಿದ ಬಾಯಿ ಈವತ್ತೇ ಬಿಚ್ಚಬೇಕಿತ್ತಾ? ಹಳದಿ ವಿಷ್ಯ ಅಲ್ಲಿಗೆ ಬಂದ್ಮೇಲೆ ನೋಡೋಣ. ಕಾರಿನ ಹತ್ರ ಬಂದೆ."

"ಆರ್ಡಿತ್, ಬೇಡ, ನಿಮಗೆ ಎಡಗಡೆ ಕಾಣ್ತಿಲ್ಲ! ಗೊಂಬೆಗೆ ಒಂದೇ ಕಣ್ಣಿದೆ! ಒಂದೇ!"

ಫೋನು ಗರಗರ ಎಂದಿತು. ಆರ್ಡಿತ್ ಅವರ ತಂತಿಯಿಲ್ಲದ ಫೋನು ಮನೆ ದಾಟಿದರೆ ಸಾಯುತ್ತದೆ. ಕೇಳಿಸಿತೋ ಇಲ್ಲವೋ. ಕಾರಿನ ಬಾಗಿಲು ಬಡಿದ ಸದ್ದು, ಆಮೇಲೆ ಏನೂ ಇಲ್ಲ.

ಒಲೆಯಲ್ಲಿ ಮಾಂಸ ಸೀಯುತ್ತಿತ್ತು. ಇಬ್ಬರೂ ಏಳಲಿಲ್ಲ. ಬ್ರೆನ್ನಾ ಮನಸ್ಸಿನಲ್ಲೇ ಆ ಮಣ್ಣುದಾರಿಯಲ್ಲಿ ಕಾರು ಓಡಿಸಿದಳು. ಟಪಾಲು ಡಬ್ಬಿ, ಕೊಟ್ಟಿಗೆ, ಸೇತುವೆ, ಹೆದ್ದಾರಿ. ಲಾರಿ. ಮತ್ತೆ ಮೊದಲಿಂದ. ಟಪಾಲು ಡಬ್ಬಿ, ಕೊಟ್ಟಿಗೆ. ಪ್ರತಿ ಸಲವೂ ಲಾರಿ ಮೊದಲೇ ಬಂದು ನಿಂತಿರುತ್ತಿತ್ತು.

ಹನ್ನೊಂದೂ ಇಪ್ಪತ್ತಕ್ಕೆ ದೊಡ್ಡಮ್ಮನ ಮೊಬೈಲು ಹೊಡೆದುಕೊಂಡಿತು. ಅವರು ಬಗ್ಗಿ ನೋಡಿ, ಗುರುತಿಲ್ಲದ ನಂಬರೆಂದು ಅದನ್ನು ಬ್ರೆನ್ನಾಳ ಕಡೆ ತಳ್ಳಿದರು.

"ಆಂಬುಲೆನ್ಸಿನವರು," ಗಂಡಸಿನ ದನಿ. "ಅಜ್ಜಿ ಕಾರು ಹಿಂದಕ್ಕೆ ತೆಗೆಯೋವಾಗ ಗ್ಯಾರೇಜಿನ ಎಡಗಂಬಕ್ಕೆ ಸಿಕ್ಸಿ ಹಾಕ್ಕೊಂಡಿದಾರೆ. ಕಂಬ ಮುರಿದಿದೆ, ಅವರಿಗೇನೂ ಆಗಿಲ್ಲ. ಆದ್ರೆ ಇಳಿಯಲ್ಲ ಅಂತ ಬೈತಿದಾರೆ. ನೀವೊಂದು ಮಾತು ಹೇಳ್ತೀರಾ?"

ಫೋನು ಕೈ ಬದಲಾಯಿತು. "ನೀನಾ ಇವರನ್ನ ಕರೆಸಿದ್ದು?"

"ಹೂಂ."

"ಆ ಹಳದಿ ಬಟ್ಟೆ?"

"ಸುಳ್ಳು."

"ಈ ಕಂಬ ಎಲ್ಲಿಂದ ಬಂತು, ಮರಿ?" ಆ ದನಿಯಲ್ಲಿ ಸಿಟ್ಟಿರಲಿಲ್ಲ. ಮೊದಲ ಸಲ ಅಲ್ಲಿ ಹೆದರಿಕೆ ಇತ್ತು. "ನಲವತ್ತು ವರ್ಷದಿಂದ ಇಲ್ಲಿ ಕಂಬ ಇತ್ತಾ?"

"ಇತ್ತು, ಆರ್ಡಿತ್. ಅವರ ಜೊತೆ ಹೋಗಿ."

ಸೋಮವಾರ ಮಧ್ಯಾಹ್ನ ಬ್ರೆನ್ನಾ ಆಸ್ಪತ್ರೆಗೆ ಹೋದಳು. ಆರ್ಡಿತ್ ದಿಂಬಿಗೊರಗಿ ಕೂತಿದ್ದರು. ಎಡಗೈ ತನ್ನದಲ್ಲವೆಂಬಂತೆ ಹೊದಿಕೆಯ ಮೇಲೆ ಬಿದ್ದಿತ್ತು. ಕಾರು ಹೆದ್ದಾರಿಗೆ ಹೋಗದ್ದು ಪುಣ್ಯ ಎಂದು ಡಾಕ್ಟರು ಹೇಳಿದ್ದರಂತೆ. ಮುಂದೆ ಎಷ್ಟು ಸರಿಹೋಗುತ್ತದೆ ಎಂದು ಮಾತ್ರ ಹೇಳಿರಲಿಲ್ಲ. ಬ್ರೆನ್ನಾ ಅವರ ಬಲಗಡೆಗೆ ಕುರ್ಚಿ ಎಳೆದುಕೊಂಡಳು.

"ತಂದ್ಯಾ? ತೋರ್ಸು."

ಗೊಂಬೆಯನ್ನು ಕೈಗೆ ಕೊಟ್ಟಳು. ಆರ್ಡಿತ್ ಬಹಳ ಹೊತ್ತು ನೋಡಿ ಮುಖ ಗಂಟಿಕ್ಕಿದರು. "ಚೆನ್ನಾಗೇ ಇದೆಯಲ್ಲೇ. ಎಲ್ಲರೂ ಸೇರ್ಕೊಂಡು ನಂಗೆ ಹುಚ್ಚು ಹಿಡಿಸ್ತಿದೀರ."

ಬ್ರೆನ್ನಾ ಗೊಂಬೆಯನ್ನು ಹಿಡಿದು, ಹೌಕ್ ತಾತನ ತಟ್ಟೆಯ ಹಾಗೆ, ಮೆಲ್ಲಗೆ ತಿರುಗಿಸಿದಳು. ಗೊಂಬೆ ತಲೆಕೆಳಗಾಯಿತು. ಖಾಲಿ ಅರ್ಧ ಬಲಗಡೆಗೆ ಬಂತು.

ಆರ್ಡಿತ್ ಬೆರಳು ಆ ಬಿಳಿ ಬಟ್ಟೆಯ ಮೇಲೆ ಹೋಗಿ ನಿಂತಿತು. ಮೆಲ್ಲಗೆ ಸವರಿತು. ಹೊಲಿಗೆ ಹುಡುಕಿತು.

"ನಾನು ಹೊಲಿದಿದ್ದೆ," ಎಂದರು. "ರೆಪ್ಪೆ ಎಣಿಸಿದ್ದೆ. ಚೆನ್ನಾಗಿ ನೆನಪಿದೆ."

ಬ್ರೆನ್ನಾ ಗೊಂಬೆಯನ್ನು ಹಾಗೇ ಹಿಡಿದಿದ್ದಳು.

"ಹಾಗಾದ್ರೆ ಇನ್ನೇನೇನು ಹೀಗೆ ಬಿಟ್ಟಿದೀನಿ?" ಆರ್ಡಿತ್ ಅವಳ ಮಣಿಕಟ್ಟು ಬಿಗಿಯಾಗಿ ಹಿಡಿದರು. "ಈ ಕೋಣೇಲಿ ಆ ಕಡೆ ಏನಿದೆ? ಯಾರಾದ್ರೂ ಇದಾರಾ?"

"ಯಾರೂ ಇಲ್ಲ. ಕಿಟಕಿ ಇದೆ."

"ಕಿಟಕಿ," ಎಂದರು ಆರ್ಡಿತ್, ನಂಬದವರ ಹಾಗೆ. ಅವರ ಮುಂದೆ ಊಟದ ತಟ್ಟೆ ಇತ್ತು, ಅದರ ಬಲಗಡೆಯ ಅರ್ಧ ಮಾತ್ರ ಖಾಲಿಯಾಗಿತ್ತು. ಬ್ರೆನ್ನಾ ಕೈ ಬಿಡಿಸಿಕೊಳ್ಳದೆಯೇ ಇನ್ನೊಂದು ಕೈಯಿಂದ ತಟ್ಟೆಯನ್ನು ತಿರುಗಿಸಿದಳು. ಮುಟ್ಟದ ಬಟಾಣಿ, ಮುಟ್ಟದ ಕೋಳಿಮಾಂಸ ಅವರ ಕಣ್ಣೆದುರಿಗೆ ಬಂತು. ಆರ್ಡಿತ್ ಬೆಚ್ಚಿ ಅದನ್ನು ನೋಡಿದರು. ಕೈಹಿಡಿತ ಇನ್ನೂ ಬಿಗಿಯಾಯಿತು.